ಮಕ್ಕಳ ಚಿತ್ರದ ಹಾಡುಗಳು ಮಕ್ಕಳ ಗಂಟಲಿಗೆ ಒಗ್ಗುತ್ತವೆಯೇ?

ಅಂಗಳದ ದನಿ (ಚರ್ಚೆ ಆರಂಭಿಸಿದವರು)

ನನ್ನ ಮಗಳಿಗೆ ಎಂಟು ವರ್ಷ. ಒಂದು ಮಕ್ಕಳ ಚಿತ್ರವನ್ನು ನೋಡಿ ಬಂದ ದಿನದಿಂದ ಅದರ ಐದು ಹಾಡುಗಳನ್ನೂ ಹಗಲಿರುಳು ಗುನುಗುತ್ತಿದ್ದಾಳೆ. ಶಾಲೆಯ ಕಾರ್ಯಕ್ರಮದಲ್ಲಿ ಆ ಚಿತ್ರದ ಮುಖ್ಯ ಹಾಡನ್ನೇ ಹಾಡುತ್ತೇನೆಂದು ಹಟ ಹಿಡಿದಳು. ಹಾಡಿನ ಕರೋಕೆ ಸಿಕ್ಕಿತು, ಮಾತುಗಳು ಅವಳಿಗೆ ಆಗಲೇ ಬಾಯಿಪಾಠವಾಗಿದ್ದವು, ಆದ್ದರಿಂದ ಕಷ್ಟವೇನೂ ಇರಲಾರದು ಎಂದುಕೊಂಡಿದ್ದೆ.

ವಾದ್ಯಗಳ ಜೊತೆ ಮೊದಲ ಬಾರಿ ಹಾಡಿಸಿದಾಗ ತೊಡಕು ಕಣ್ಣಿಗೆ ಬಿತ್ತು. ಪಲ್ಲವಿ ಪಿಸುಮಾತಿನಂತೆ ಮಂದ್ರಸ್ಥಾಯಿಯಲ್ಲಿ, ಅಂದರೆ ತೀರಾ ತಗ್ಗಿನ ಸ್ವರಗಳಲ್ಲಿ, ಶುರುವಾಗುತ್ತದೆ. ಅಲ್ಲಿ ಅವಳ ದನಿ ದನಿಯಾಗಿ ಉಳಿಯುವುದಿಲ್ಲ, ಬರೀ ಉಸಿರು ಕೇಳುತ್ತದೆ. ಚರಣದಲ್ಲಿ ರಾಗ ಮೇಲೇರುತ್ತಾ ಹೋಗಿ ಎತ್ತರದ ತಾರಸ್ಥಾಯಿಯ ಪಂಚಮವನ್ನು (‘ಪ’ ಸ್ವರವನ್ನು) ಮುಟ್ಟುತ್ತದೆ. ಅಲ್ಲಿ ಅವಳು ಕತ್ತು ಮುಂದೆ ಚಾಚಿ, ಗದ್ದ ಮೇಲೆತ್ತಿ ಕೂಗುತ್ತಾಳೆ. ಇಷ್ಟು ಸಾಲದೆಂಬಂತೆ ಕೊನೆಯ ಪಲ್ಲವಿಯಲ್ಲಿ ಇಡೀ ಶ್ರುತಿಯನ್ನೇ ಒಂದು ಮನೆ (ಹಾರ್ಮೋನಿಯಂನ ಒಂದು ಕೀಲಿಯಷ್ಟು) ಏರಿಸಿದ್ದಾರೆ. ಮೂರು ದಿನ ಅಭ್ಯಾಸ ಮಾಡಿದ ಮೇಲೆ ಅವಳ ಗಂಟಲು ಕಟ್ಟಿತು. ‘ಅಮ್ಮಾ, ನನಗೆ ಹಾಡಲು ಬರುವುದಿಲ್ಲ’ ಎಂದು ಕರೋಕೆಯನ್ನು ನಿಲ್ಲಿಸಿಬಿಟ್ಟಳು. ಹಾಡು ಬರೆದವರ, ಹಾಡಿದವರ ಬಗ್ಗೆ ನನಗೆ ಗೌರವವಿರುವುದರಿಂದ ಚಿತ್ರದ ಹೆಸರನ್ನು ಹೇಳುವುದಿಲ್ಲ. ಅದು ನಿಜಕ್ಕೂ ಸೊಗಸಾದ ಹಾಡು.

ಆದರೆ ಮಗಳ ಆ ಮಾತು ನನ್ನನ್ನು ಇನ್ನೂ ಕೊರೆಯುತ್ತಿದೆ. ಚಿತ್ರದಲ್ಲಿ ಆ ಹಾಡನ್ನು ಹಾಡುವ ಪಾತ್ರಕ್ಕೆ ಒಂಬತ್ತು ವರ್ಷ. ಒಂಬತ್ತು ವರ್ಷದ ಹುಡುಗಿಯ ಬಾಯಿಂದ ಬರುವ ಹಾಡನ್ನು ಎಂಟು ವರ್ಷದ ಹುಡುಗಿ ಹಾಡಲಾಗದಿದ್ದರೆ, ಅದನ್ನು ಯಾರಿಗಾಗಿ ಕಟ್ಟಿದರು? ಸಂಗೀತ ಬಲ್ಲವರು, ಹಾಡು ಬರೆಯುವವರು ದಯವಿಟ್ಟು ನಿಮ್ಮ ಅನುಭವವನ್ನು ಹೇಳಿ.

ಶ್ರುತಿಪೆಟ್ಟಿಗೆ

ನಾನು ಮಕ್ಕಳಿಗೆ ಸಂಗೀತ ಹೇಳಿಕೊಡುವವಳು. ಮೊದಲು ನಿಮ್ಮ ಮಗಳಿಗೆ ಒಂದು ಮಾತು ತಿಳಿಸಿ: ತಪ್ಪು ಅವಳದ್ದಲ್ಲ, ಹಾಡು ಅವಳ ಅಳತೆಯದ್ದಲ್ಲ.

ಮಕ್ಕಳ ಧ್ವನಿತಂತುಗಳು ಚಿಕ್ಕವು, ತೆಳ್ಳಗಿನವು. ಅವುಗಳ ಒಳಪದರಗಳು ಹದಿಹರೆಯದವರೆಗೂ ಬೆಳೆಯುತ್ತಲೇ ಇರುತ್ತವೆ. ಆದ್ದರಿಂದ ಮಗುವಿನ ದನಿ ಎತ್ತರದಲ್ಲಿರುತ್ತದೆ ನಿಜ, ಆದರೆ ಅದರ ಹರವು ಕಿರಿದು. ಏಳೆಂಟು ವರ್ಷದ ಮಗು ಸುಖವಾಗಿ ಹಾಡಬಲ್ಲದ್ದು ಸುಮಾರು ಒಂದು ಸ್ಥಾಯಿ (‘ಸ’ದಿಂದ ಮೇಲಿನ ‘ಸ’ದವರೆಗೆ), ಹೆಚ್ಚೆಂದರೆ ಅದರ ಮೇಲೆ ಒಂದೆರಡು ಸ್ವರ. ನಾಲ್ಕೈದು ವರ್ಷದ ಮಕ್ಕಳಿಗೆ ಐದಾರು ಸ್ವರಗಳೇ ಸಾಕು. ನೀವು ಹೇಳಿದ ಹಾಡು ಎರಡು ಸ್ಥಾಯಿಗಳಷ್ಟು ಹರಡಿಕೊಂಡಿದೆ. ಅದು ತರಬೇತಿ ಪಡೆದ ಹಿನ್ನೆಲೆ ಗಾಯಕಿಯ ಅಳತೆ.

ಉಸಿರಿನದು ಇನ್ನೊಂದು ಲೆಕ್ಕ. ಮಗುವಿನ ಶ್ವಾಸಕೋಶ ಚಿಕ್ಕದು. ದೊಡ್ಡವರು ಒಂದೇ ಉಸಿರಿನಲ್ಲಿ ಮುಗಿಸುವ ಸಾಲಿಗೆ ಮಗು ಎರಡು ಕಡೆ ನಿಲ್ಲಬೇಕಾಗುತ್ತದೆ. ಸಾಲಿನ ನಡುವೆ ನಿಲುಗಡೆ ಇಡದಿದ್ದರೆ ಅದು ಪದವನ್ನು ಒಡೆದು ಉಸಿರೆಳೆಯುತ್ತದೆ. ‘ಬೆಳದಿಂ’ ಎಂದು ನಿಂತು, ಉಸಿರೆಳೆದುಕೊಂಡು, ‘ಗಳು’ ಎಂದು ಹಾಡಿದ ಮಕ್ಕಳನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆ ಮಕ್ಕಳನ್ನು ತಿದ್ದುವ ಮೊದಲು ಹಾಡಿನ ಸಾಲನ್ನು ತಿದ್ದಬೇಕಿತ್ತು ಎಂದೇ ನನಗೆ ಪ್ರತಿ ಸಲವೂ ಅನ್ನಿಸಿದೆ.

ಮಕ್ಕಳು ತಾವಾಗಿಯೇ ಹಾಡುವುದನ್ನು ಗಮನಿಸಿ ನೋಡಿ. ಆಟದ ನಡುವೆ ಗೆಳೆಯರನ್ನು ರಾಗವಾಗಿ ಕರೆಯುವಾಗ, ಚುಡಾಯಿಸುವಾಗ, ದನಿ ಬಹಳ ಸಲ ಪಂಚಮದಿಂದ ಅಂತರ ಗಾಂಧಾರಕ್ಕೆ (‘ಪ’ದಿಂದ ‘ಗ’ಕ್ಕೆ) ಇಳಿಯುತ್ತದೆ. ಭಾಷೆ ಬೇರೆಯಾದರೂ ಅನೇಕ ನಾಡುಗಳ ಮಕ್ಕಳ ಆಟದ ಕೂಗುಗಳಲ್ಲಿ ಈ ಇಳಿಜಾರು ಕೇಳಿಬರುತ್ತದೆ. ಒಳ್ಳೆಯ ಸಂಗೀತ ನಿರ್ದೇಶಕ ಈ ಪುಟ್ಟ ಇಳಿಜಾರಿನಿಂದಲೇ ಪಲ್ಲವಿಯೊಂದನ್ನು ಕಟ್ಟಬಲ್ಲ.

ಮೂರು ನಿಮಿಷದ ತಟ್ಟೆ

ಹಳೆಯ ಧ್ವನಿಮುದ್ರಿಕೆಗಳನ್ನು ಸಂಗ್ರಹಿಸುವುದು ನನ್ನ ಹವ್ಯಾಸ. ಮಕ್ಕಳ ಚಿತ್ರದ ಹಾಡು ಚಿತ್ರಮಂದಿರದಿಂದ ಮನೆಗೆ ಬಂದದ್ದು ಹೇಗೆ ಎಂಬುದು ಈ ಪ್ರಶ್ನೆಗೆ ಹತ್ತಿರದ ಸಂಗತಿಯಾದ್ದರಿಂದ ಬರೆಯುತ್ತಿದ್ದೇನೆ.

ಡಿಸ್ನಿಯವರ ‘ಸ್ನೋ ವೈಟ್’ ತೆರೆಗೆ ಬಂದದ್ದು 1937ರ ಡಿಸೆಂಬರಿನಲ್ಲಿ. ಮರುವರ್ಷದ ಆರಂಭದಲ್ಲಿ ಅದರ ಹಾಡುಗಳು 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳಾಗಿ ಅಂಗಡಿಗೆ ಬಂದವು. ಚಿತ್ರದಲ್ಲಿ ಮುದ್ರಿತವಾದ ಹಾಡುಗಳನ್ನೇ ಹಾಗೆ ಮಾರಾಟಕ್ಕಿಟ್ಟದ್ದು ಅದೇ ಮೊದಲು. ಅಂದರೆ ‘ಸೌಂಡ್‌ಟ್ರ್ಯಾಕ್’ ಎಂಬ ಸರಕೇ ಮಕ್ಕಳೂ ನೋಡುವ ಚಿತ್ರದಿಂದ ಹುಟ್ಟಿತು. ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಆ ಕಟ್ಟುಪಾಡಿನಿಂದ ಮಕ್ಕಳಿಗೆ ಅನುಕೂಲವೇ ಆಯಿತು ಎಂಬುದು ನನ್ನ ಎಣಿಕೆ. ಮೂರು ನಿಮಿಷದಲ್ಲಿ ಪಲ್ಲವಿ ಎರಡು ಮೂರು ಸಲ ಬಂದೇ ಬರುತ್ತದೆ, ಸುತ್ತುಬಳಸಿಗೆ ಜಾಗವಿರುವುದಿಲ್ಲ.

ಮಗುವಿನ ಪಾತ್ರಕ್ಕೆ ದೊಡ್ಡವರ ದನಿ ಏಕೆ ಎಂಬ ಪ್ರಶ್ನೆಗೆ ಹಳೆಯ ಕಾಲದ ಮಟ್ಟಿಗೆ ನ್ಯಾಯವಾದ ಉತ್ತರವಿದೆ. ನಮ್ಮ ದೇಶದ ಚಿತ್ರಗೀತೆಗಳನ್ನು ಬಹುಕಾಲ ಗಾಯಕರು, ವಾದ್ಯಗಾರರು ಎಲ್ಲರೂ ಒಟ್ಟಿಗೆ ಕೂತು ಒಂದೇ ಓಟದಲ್ಲಿ ಮುದ್ರಿಸುತ್ತಿದ್ದರು. ಮೂರನೆಯ ನಿಮಿಷದಲ್ಲಿ ಮಗು ಒಂದು ಸ್ವರ ತಪ್ಪಿದರೆ ಇಡೀ ವಾದ್ಯವೃಂದ ಮತ್ತೆ ಮೊದಲಿನಿಂದ ನುಡಿಸಬೇಕಿತ್ತು. ಅಂಥ ಒತ್ತಡವನ್ನು ಮಗುವಿನ ಮೇಲೆ ಹೇರುವುದಕ್ಕಿಂತ ಅನುಭವಿ ಗಾಯಕಿಯಿಂದ ಮಗುವಿನ ದನಿ ಮಾಡಿಸುವುದು ಸುಲಭವಾಗಿತ್ತು. ಎಸ್. ಜಾನಕಿಯವರಂಥ ಕೆಲವರಲ್ಲಿ ಅದು ಅನುಕರಣೆಯ ಮಟ್ಟವನ್ನು ದಾಟಿ ಕಲೆಯೇ ಆಯಿತು.

ಹಲವು ಪಥಗಳಲ್ಲಿ ಬೇರೆ ಬೇರೆಯಾಗಿ ಮುದ್ರಿಸುವ ಸೌಲಭ್ಯ ಬಂದ ಮೇಲೆ ಆ ಕಾರಣ ಉಳಿಯಲಿಲ್ಲ. 1990ರ ‘ಅಂಜಲಿ’ ಚಿತ್ರದ ಹಾಡುಗಳಿಗೆ ಇಳಯರಾಜ ತಮ್ಮ ಮನೆಯ ಮಕ್ಕಳನ್ನೂ ಸೇರಿಸಿಕೊಂಡು ಮಕ್ಕಳ ಗುಂಪಿನಿಂದಲೇ ಹಾಡಿಸಿದರು. ಅವುಗಳನ್ನು ಕೇಳುವಾಗ ಒಂದು ದನಿ ತುಸು ಮುಂದೆ, ಇನ್ನೊಂದು ತುಸು ಹಿಂದೆ, ಒಬ್ಬನ ಉಚ್ಚಾರ ದಪ್ಪ, ಇನ್ನೊಬ್ಬಳದು ಚೂಪು ಎಂಬುದು ಗೊತ್ತಾಗುತ್ತದೆ. ಆ ಏರುಪೇರಿನಲ್ಲಿ ನನಗೆ ಒಂದು ಗುಂಪು ಕಣ್ಣಮುಂದೆ ಓಡಾಡಿದಂತೆ ಅನ್ನಿಸುತ್ತದೆ.

ಎರಡನೆಯ ಅಕ್ಷರ

ನಾನು ಮಕ್ಕಳ ನಾಟಕಗಳಿಗೆ ಹಾಡು ಬರೆಯುತ್ತೇನೆ, ಬೇರೆ ಭಾಷೆಯ ಚಿತ್ರಗಳ ಹಾಡುಗಳನ್ನು ಡಬ್ಬಿಂಗ್‌ಗಾಗಿ ಕನ್ನಡಕ್ಕೆ ತಂದದ್ದೂ ಉಂಟು. ಇಲ್ಲಿಯವರೆಗೆ ಸ್ವರದ ಮಾತಾಯಿತು, ನಾನು ಸಾಹಿತ್ಯದ ಮಾತನ್ನು ಸೇರಿಸುತ್ತೇನೆ. ಮಗುವಿನ ಗಂಟಲನ್ನು ಕಟ್ಟುವುದರಲ್ಲಿ ಮಾತಿನ ಪಾಲೂ ಇದೆ.

ಡಬ್ಬಿಂಗ್‌ನಲ್ಲಿ ಮೂಲ ರಾಗ ಬದಲಾಗುವಂತಿಲ್ಲ, ತೆರೆಯ ಮೇಲಿನ ತುಟಿಯ ಚಲನೆಯೂ ಬದಲಾಗುವಂತಿಲ್ಲ. ರಾಗದಲ್ಲಿ ಮೂರು ಮಾತ್ರೆಯ ಜಾಗವಿರುವಲ್ಲಿ ‘ಹೋಗುತ್ತಿದ್ದೇನೆ’ ಎಂದು ಬರೆದರೆ ಅದು ಒಂಬತ್ತು ಮಾತ್ರೆ. ಒತ್ತಕ್ಷರಗಳ ಮೇಲೆ ಎಡವುತ್ತಾ ಮಗು ಓಡಬೇಕಾಗುತ್ತದೆ. ‘ಹೊರಟೆ’ ಎಂದರೆ ಮೂರೇ ಮಾತ್ರೆ, ಮೂರೂ ಲಘು, ನಾಲಿಗೆಗೆ ಹಗುರ. ಕನ್ನಡದಲ್ಲಿ ಇಂಥ ಚಿಕ್ಕ ಪದಗಳಿಗೆ ಬರವಿಲ್ಲ. ಸಮಯದ ಅಭಾವದಲ್ಲಿ ಅವುಗಳನ್ನು ಹುಡುಕುವುದಿಲ್ಲ, ಅಷ್ಟೇ. ಇನ್ನೊಂದು ವರವೂ ನಮ್ಮ ಭಾಷೆಗಿದೆ: ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರಾಕ್ಷರದಲ್ಲಿ ಮುಗಿಯುತ್ತವೆ. ಸಾಲಿನ ಕೊನೆಯಲ್ಲಿ ದನಿಯನ್ನು ಎಳೆದು ನಿಲ್ಲಿಸಲು ಇದಕ್ಕಿಂತ ಒಳ್ಳೆಯದೇನು ಬೇಕು? ಆದರೆ ಎತ್ತರದ ಸ್ವರದಲ್ಲಿ ‘ಇ’ ಅಥವಾ ‘ಉ’ ಕಾರವನ್ನು ಎಳೆಯಲು ಕೊಟ್ಟರೆ ಮಗುವಿನ ಬಾಯಿ ಮುಚ್ಚಿಕೊಂಡು ಗಂಟಲು ಬಿಗಿಯುತ್ತದೆ. ಅಲ್ಲಿ ‘ಆ’ಕಾರ ಬರುವಂತೆ ಪದವನ್ನು ಹೊಂದಿಸುವುದು ನಮ್ಮ ಹೊಣೆ.

ಪ್ರಾಸದ ವಿಚಾರದಲ್ಲಿ ನಮ್ಮ ಹಳಬರು ಬಹಳ ಜಾಣರು. ಎರಡನೆಯ ಅಕ್ಷರದ ಪ್ರಾಸ ಸಾಲಿನ ಆರಂಭದಲ್ಲೇ ಕೈಹಿಡಿಯುತ್ತದೆ; ಮಗು ಮುಂದಿನ ಸಾಲನ್ನು ಮರೆತರೂ ಆ ಅಕ್ಷರ ನೆನಪಿಗೆ ಬಂದು ಸಾಲನ್ನು ಎಳೆದು ತರುತ್ತದೆ. ಉದಾಹರಣೆಗಾಗಿ ನಾನೇ ಕಟ್ಟಿದ ಎರಡು ಸಾಲು:

ಗಾಳಿಯ ಚೀಲಕೆ ಬೀಗವ ಹಾಕಿ
ನಾಳೆಯ ವರೆಗೂ ಉಳಿಸಲೆ ಬಾಕಿ?

ಪ್ರತಿ ಗಣಕ್ಕೂ ನಾಲ್ಕು ಮಾತ್ರೆ, ಕೊನೆಯದಕ್ಕೆ ಮೂರು. ಉಳಿದ ಒಂದು ಮಾತ್ರೆ ಉಸಿರೆಳೆದುಕೊಳ್ಳಲು. ‘ಶ್ರುತಿಪೆಟ್ಟಿಗೆ’ಯವರು ಕೇಳಿದ ನಿಲುಗಡೆ ಅದೇ. ಇದನ್ನು ಆರು ವರ್ಷದ ಹುಡುಗನೊಬ್ಬನಿಗೆ ಹೇಳಿಕೊಟ್ಟಾಗ ಅವನು ಎರಡನೆಯ ಸಲಕ್ಕೆ ಬಾಯಿಪಾಠ ಮಾಡಿ, ಮೂರನೆಯ ಸಲ ‘ಗಾಳಿ’ಯನ್ನು ತೆಗೆದು ‘ಕೂಳಿ’ ಎಂಬ ತನ್ನದೇ ಪದವನ್ನು ಇಟ್ಟುಕೊಂಡ. ಅರ್ಥ ಅವನಿಗೆ ಬೇಕಿರಲಿಲ್ಲ, ‘ಳ’ಕಾರ ಬೇಕಿತ್ತು.

ಇದಕ್ಕೆ ಬದಲಾಗಿ ಇಂದಿನ ಎಷ್ಟೋ ಮಕ್ಕಳ ಚಿತ್ರಗಳಲ್ಲಿ ಕೇಳಿಬರುವುದು ‘ಗುರಿ’, ‘ಸಾಧನೆ’, ‘ಛಲ’, ‘ಭವಿಷ್ಯ’. ಇವು ಮಗುವಿಗೆ ದೊಡ್ಡವರು ಹೇಳುವ ಮಾತುಗಳು, ಮಗು ತನಗೆ ತಾನೇ ಹೇಳಿಕೊಳ್ಳುವ ಮಾತುಗಳಲ್ಲ. 1993ರ ‘ಚಿನ್ನಾರಿ ಮುತ್ತ’ದ ಹಾಡುಗಳು ಇಂದಿಗೂ ಬಾಯಲ್ಲಿ ಉಳಿದಿರುವುದಕ್ಕೆ ಮುಖ್ಯ ಕಾರಣ ಇಲ್ಲೇ ಇದೆ. ಟಿ.ಎಸ್. ನಾಗಾಭರಣರ ಆ ಚಿತ್ರಕ್ಕೆ ಹಾಡು ಬರೆದವರು ಮಕ್ಕಳಿಗಾಗಿ ಕವಿತೆ, ನಾಟಕ ಬರೆದು ಕೈಪಳಗಿದ್ದ ಎಚ್.ಎಸ್. ವೆಂಕಟೇಶಮೂರ್ತಿ, ರಾಗ ಹಾಕಿದವರು ಭಾವಗೀತೆಯ ಸಿ. ಅಶ್ವತ್ಥ್. ಭಾವಗೀತೆಯಲ್ಲಿ ಮಾತು ಮೊದಲು, ರಾಗ ಅದರ ಹಿಂದೆ. ಅಲ್ಲಿ ಹುಡುಗ ಆಡುವ ಮಾತಿನ ಲಯವೇ ಹಾಡಾಯಿತು.

ಮುಂದಿನ ಸಾಲಿನ ಕುರ್ಚಿ

ಎಲ್ಲರ ಮಾತನ್ನೂ ಗೌರವದಿಂದ ಓದಿದೆ, ಆದರೂ ನನ್ನ ಅಭಿಪ್ರಾಯ ಬೇರೆ. 2013ರ ‘ಫ್ರೋಜನ್’ ಚಿತ್ರದ ‘ಲೆಟ್ ಇಟ್ ಗೋ’ ಹಾಡನ್ನು ತೆಗೆದುಕೊಳ್ಳಿ. ಅದರ ಹರವು ಎರಡು ಸ್ಥಾಯಿಗೆ ಎರಡೇ ಸ್ವರಸ್ಥಾನ (ಎರಡು ಮನೆ) ಕಡಿಮೆ. ‘ಶ್ರುತಿಪೆಟ್ಟಿಗೆ’ಯವರ ಲೆಕ್ಕದಲ್ಲಿ ಯಾವ ಮಗುವೂ ಅದನ್ನು ಹಾಡಬಾರದಿತ್ತು. ಆದರೆ ಲೋಕದ ಮಕ್ಕಳೆಲ್ಲ ಅದನ್ನು ಹಾಡಿದರು. ಆ ಹಾಡು ಸಿದ್ಧವಾದ ಮೇಲೆ ಚಿತ್ರತಂಡದವರು ಖಳನಾಯಕಿಯಾಗಬೇಕಿದ್ದ ಎಲ್ಸಾಳ ಪಾತ್ರವನ್ನೇ ಬದಲಿಸಿ ಕಥೆಯನ್ನು ತಿರುಗಿ ಬರೆದರು; ಅಷ್ಟು ಬಲ ಅದಕ್ಕಿತ್ತು. ಮಗು ತನ್ನ ಅಳತೆಗಿಂತ ದೊಡ್ಡದನ್ನು ಬಯಸುತ್ತದೆ. ಅಪ್ಪನ ಚಪ್ಪಲಿಯಲ್ಲಿ ಕಾಲಿಟ್ಟು ನಡೆಯುವ ಮಗುವಿಗೆ ನಿನ್ನ ಅಳತೆಯದ್ದೇ ಮೆಟ್ಟು ಎನ್ನಲಾದೀತೇ? ಹಾಡುಗಳನ್ನು ಒಂದು ಸ್ಥಾಯಿಯೊಳಗೆ ಕೂಡಿಹಾಕಿದರೆ ಎಲ್ಲವೂ ಶಿಶುಗೀತೆಗಳಾಗಿಬಿಡುತ್ತವೆ ಎಂಬ ಭಯ ನನಗಿದೆ.

ಬಾಗಿಲ ಸಂದಿ

ಒಂದು ಚಿಕ್ಕ ಸೇರ್ಪಡೆ. ಪಾತ್ರ ತಾನೇ ಹಾಡುವ ಹಾಡು ಬೇರೆ, ಪಾತ್ರ ನಡೆಯುತ್ತಿರುವಾಗ ಹಿನ್ನೆಲೆಯಲ್ಲಿ ಬರುವ ಹಾಡು ಬೇರೆ. ಹಿನ್ನೆಲೆಯ ಹಾಡು ಎಷ್ಟು ವಿಸ್ತಾರವಾಗಿದ್ದರೂ ತೊಂದರೆಯಿಲ್ಲ, ಅದನ್ನು ಕೇಳಿದರೆ ಸಾಕು. ಜೋಗುಳವನ್ನು ಮಗು ಹಾಡುವುದಿಲ್ಲವಲ್ಲ. ಈ ಎರಡನ್ನೂ ಬೇರ್ಪಡಿಸಿ ಮಾತನಾಡಿದರೆ ಒಳ್ಳೆಯದು.

ಧ್ವನಿಕೊಠಡಿ

ನಾನು ಧ್ವನಿಮುದ್ರಣದ ಕೆಲಸ ಮಾಡುವವನು. ಮಕ್ಕಳನ್ನು ಹಾಡಿಸಿ ಮುದ್ರಿಸಿದ ಅನುಭವದಿಂದ ಕೆಲವು ಮಾತು.

ಮಗುವನ್ನು ಗಾಜಿನ ಕೋಣೆಯಲ್ಲಿ ಒಂಟಿಯಾಗಿ ನಿಲ್ಲಿಸಿ, ದೊಡ್ಡವರ ಅಳತೆಯ ಹೆಡ್‌ಫೋನ್ ಹಾಕಿ, ಹೊರಗಿನಿಂದ ‘ಶುರು ಮಾಡು’ ಎಂದರೆ ಅದು ಹಾಡುವುದಿಲ್ಲ, ಒಪ್ಪಿಸುತ್ತದೆ. ನಾನು ಈಗ ಎರಡೂ ಕಿವಿಗೆ ಹೆಡ್‌ಫೋನ್ ಹಾಕಿಸುವುದಿಲ್ಲ. ಒಂದು ಕಿವಿ ತೆರೆದಿದ್ದರೆ ಮಗುವಿಗೆ ತನ್ನ ದನಿ ಕೋಣೆಯಲ್ಲಿ ಹೇಗೆ ಕೇಳುತ್ತಿದೆ ಎಂಬುದು ಗೊತ್ತಾಗುತ್ತದೆ, ಶ್ರುತಿ ತಾನಾಗಿ ನಿಲ್ಲುತ್ತದೆ. ಜೊತೆಗೆ ಇನ್ನೊಂದು ಮಗುವನ್ನು ಎದುರಿಗೆ ಕೂರಿಸುತ್ತೇನೆ. ಹಾಡು ಯಾರಿಗೋ ಹೇಳುವ ಮಾತಾಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಬಿಡುವು ಕೊಟ್ಟು ನೀರು ಕುಡಿಸುತ್ತೇನೆ. ಹೆಚ್ಚಿನ ಸಲ ಬಳಕೆಗೆ ಬರುವುದು ಮೊದಲ ನಾಲ್ಕೈದು ಸಲ ಹಾಡಿದ್ದೇ. ಆಮೇಲಿನದರಲ್ಲಿ ದಣಿವು ಕೇಳಿಸುತ್ತದೆ.

ನನಗೆ ನಿಜವಾಗಿ ನೋವಾಗುವುದು ಇದರ ನಂತರದ ಹಂತದಲ್ಲಿ. 1997ರಲ್ಲಿ ಆಟೋಟ್ಯೂನ್ ಎಂಬ ತಂತ್ರಾಂಶ ಬಂದ ಮೇಲೆ ಸ್ವರ ತಿದ್ದುವುದು ಬೆರಳ ತುದಿಯ ಕೆಲಸವಾಯಿತು. ಮಗು ಒಂದು ಸ್ವರವನ್ನು ನೇರವಾಗಿ ಮುಟ್ಟುವುದಿಲ್ಲ. ಕೆಳಗಿನಿಂದ ಜಾರಿಕೊಂಡು ಬಂದು ಹಿಡಿಯುತ್ತದೆ. ತಂತ್ರಾಂಶ ಆ ಜಾರುವಿಕೆಯನ್ನು ದೋಷವೆಂದು ಎಣಿಸಿ ಕತ್ತರಿಸಿಹಾಕುತ್ತದೆ. ಆಮೇಲೆ ಉಸಿರಿನ ಸದ್ದನ್ನು ಅಳಿಸುತ್ತೇವೆ. ಆಮೇಲೆ ಐವತ್ತು ವಾದ್ಯಗಳ ಕೆಳಗೆ ಇಡುತ್ತೇವೆ. ಕೊನೆಗೆ ಉಳಿದದ್ದು ಯಾರ ದನಿಯೂ ಅಲ್ಲ. ಒಮ್ಮೆ ಏಳು ವರ್ಷದ ಹುಡುಗಿಯೊಬ್ಬಳು ತಾನೇ ಹಾಡಿದ ಹಾಡನ್ನು ಕೇಳಿ, ‘ಇದು ಯಾರು ಹಾಡಿದ್ದು?’ ಎಂದು ನನ್ನನ್ನು ಕೇಳಿದಳು. ಆ ದಿನದಿಂದ ಮಕ್ಕಳ ಹಾಡಿನಲ್ಲಿ ಪದಗಳ ನಡುವಿನ ಉಸಿರನ್ನು ಅಳಿಸುವುದಿಲ್ಲವೆಂದು ನಿರ್ಮಾಪಕರಿಗೆ ಮೊದಲೇ ಹೇಳಿಬಿಡುತ್ತೇನೆ. ಕೆಲವರು ಒಪ್ಪುತ್ತಾರೆ.

ಶ್ರುತಿಪೆಟ್ಟಿಗೆ

‘ಮುಂದಿನ ಸಾಲಿನ ಕುರ್ಚಿ’ಯವರ ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ‘ಲೆಟ್ ಇಟ್ ಗೋ’ ಹಾಡನ್ನು ಮಕ್ಕಳು ಹಾಡಿದರು ಎನ್ನುವುದು ನಿಜ. ಆದರೆ ಅವರು ಹಾಡಿದ್ದರಲ್ಲಿ ಹೆಚ್ಚಿನ ಪಾಲು ಪಲ್ಲವಿ. ನನ್ನ ತರಗತಿಗೆ ಅದನ್ನು ಹೊತ್ತು ತಂದ ಮಕ್ಕಳಲ್ಲಿ ಅದರ ಆರಂಭದ ತಗ್ಗಿನ ಸಾಲುಗಳನ್ನು ಕೇಳಿಸುವಂತೆ ಹಾಡಿದವರು ಇಬ್ಬರೋ ಮೂವರೋ. ಉಳಿದವರು ಅವುಗಳನ್ನು ಮಾತಿನಂತೆ ಆಡಿ ದಾಟಿಬಿಡುತ್ತಿದ್ದರು, ಪಲ್ಲವಿ ಬಂದೊಡನೆ ಕೈಚಾಚಿ ಕೂಗುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಆ ಬಿಡುಗಡೆ. ಅದನ್ನು ನಾನು ಕಡೆಗಣಿಸುವುದಿಲ್ಲ. ದೊಡ್ಡ ಭಾವಕ್ಕೆ ದೊಡ್ಡ ಹರವು ಬೇಕೇಬೇಕು ಎಂಬುದನ್ನು ಮಾತ್ರ ಒಪ್ಪಲಾರೆ.

1939ರ ‘ವಿಝರ್ಡ್ ಆಫ್ ಆಝ್’ ಚಿತ್ರದ ‘ಓವರ್ ದ ರೇನ್‌ಬೋ’ ಹಾಡಿನ ಮೊದಲ ಪದದಲ್ಲೇ ರಾಗ ಒಂದು ಪೂರ್ತಿ ಸ್ಥಾಯಿ ಮೇಲಕ್ಕೆ ಜಿಗಿಯುತ್ತದೆ. ಆ ಜಿಗಿತದಲ್ಲಿಯೇ ಹುಡುಗಿಯ ಹಂಬಲವೆಲ್ಲ ತುಂಬಿಕೊಂಡಿದೆ. ಅಲ್ಲಿಂದ ಮುಂದೆ ರಾಗ ನಿಧಾನವಾಗಿ ಕೆಳಗಿಳಿದು ಬರುತ್ತದೆ. ನನ್ನ ಒಂಬತ್ತು ವರ್ಷದ ಶಿಷ್ಯೆಯರು ಅದನ್ನು ಗಂಟಲು ಬಿಗಿಯದೆ ಹಾಡುತ್ತಾರೆ. ಪೂರ್ವಪ್ರದರ್ಶನದ ನಂತರ ಈ ಹಾಡನ್ನೇ ಚಿತ್ರದಿಂದ ತೆಗೆದುಹಾಕಿದ್ದರು, ಆಮೇಲೆ ಮತ್ತೆ ಸೇರಿಸಿದರು ಎಂಬುದನ್ನು ನೆನೆದರೆ ಇಂದಿಗೂ ಮೈ ಝುಂ ಎನ್ನುತ್ತದೆ.

ಮೂರು ನಿಮಿಷದ ತಟ್ಟೆ

ಹರವು ಕಿರಿದಾದರೆ ಶಿಶುಗೀತೆಯಾಗುತ್ತದೆ ಎಂಬ ಭಯಕ್ಕೆ ಎರಡು ಉದಾಹರಣೆ ಸಾಕು. 1988ರ ಜಪಾನಿ ಚಿತ್ರ ‘ಟೊಟೊರೊ’ಗೆ ಜೋ ಹಿಸೈಶಿ ಸಂಗೀತ ಕೊಟ್ಟರು. ಚಿತ್ರ ಮುಗಿಯುವ ಮೊದಲೇ, 1987ರಲ್ಲಿ, ಹಾಡುಗಳ ಒಂದು ಸಂಪುಟ ಹೊರಬಂದಿತ್ತು. ಹಲವು ಹಾಡುಗಳ ಸಾಹಿತ್ಯವನ್ನು ಮಕ್ಕಳ ಲೇಖಕಿ ರಿಯೆಕೊ ನಕಾಗಾವಾ ಅವರಿಂದ ಬರೆಸಿದ್ದರು. ಅದರಲ್ಲಿನ ನಡಿಗೆಯ ಹಾಡನ್ನು ಇಂದು ಜಪಾನಿನ ಶಿಶುವಿಹಾರಗಳಲ್ಲಿ ಮಕ್ಕಳು ಹೆಜ್ಜೆ ಹಾಕುತ್ತಾ ಹಾಡುತ್ತಾರೆ. ಚಿತ್ರ ನೋಡದ ಮಗುವಿಗೂ ಅದು ಗೊತ್ತು.

ಇನ್ನೊಂದು ನಮ್ಮ ದೇಶದ್ದು. 1969ರ ಬಂಗಾಳಿ ಚಿತ್ರ ‘ಗೂಪಿ ಗಾಯಿನ್ ಬಾಘಾ ಬಾಯಿನ್’ಗೆ ಸತ್ಯಜಿತ್ ರಾಯ್ ತಾವೇ ಹಾಡು ಬರೆದು ರಾಗ ಹಾಕಿದರು. ಅದರ ದೆವ್ವಗಳ ಕುಣಿತದಲ್ಲಿ ಒಂದು ಪದವೂ ಇಲ್ಲ, ರಾಗವೂ ಇಲ್ಲ. ನಾಲ್ಕು ಬಗೆಯ ದೆವ್ವಗಳಿಗೆ ನಾಲ್ಕು ವಾದ್ಯ: ಮೃದಂಗ, ಘಟ, ಕಂಜಿರ, ಮೋರ್ಸಿಂಗ್. ನಮ್ಮ ಕಚೇರಿಯ ತಾಳವಾದ್ಯಗಳನ್ನೇ ಅವರು ದೆವ್ವಗಳ ಕೈಗೆ ಕೊಟ್ಟರು. ಇದನ್ನು ನೋಡಿದ ಮಕ್ಕಳು ಮೇಜಿನ ಮೇಲೆ ಬೆರಳಿನಿಂದ ಬಡಿಯುತ್ತಾ ‘ಹಾಡುವುದನ್ನು’ ನಾನು ಕಂಡಿದ್ದೇನೆ. ಮಗುವಿಗೆ ದಕ್ಕುವಂತಿರುವುದು ಎಂದರೆ ಸಪ್ಪೆಯಾಗಿರುವುದು ಎಂದು ಯಾರೂ ತಿಳಿಯಬೇಕಾಗಿಲ್ಲ.

ಅಂಗಳದ ದನಿ

ನಿಮ್ಮೆಲ್ಲರ ಮಾತುಗಳನ್ನು ಮಗಳಿಗೂ ಓದಿ ಹೇಳಿದೆ. ಗಂಟಲು ಸರಿಯಾಗಲು ಒಂದು ವಾರ ಬೇಕಾಯಿತು, ಅಲ್ಲಿಯವರೆಗೆ ಹಾಡಿಸಲಿಲ್ಲ.

ನಂತರ ಕರೋಕೆಯ ಶ್ರುತಿಯನ್ನು ಎರಡು ಮನೆ ಇಳಿಸಿ ನೋಡಿದೆವು. ಚರಣ ಸುಲಭವಾಯಿತು, ಆದರೆ ಮೊದಲೇ ಕೇಳದಿದ್ದ ಪಲ್ಲವಿ ಈಗ ಪೂರ್ತಿ ಮುಳುಗಿಹೋಯಿತು. ಏರಿಸಿದರೆ ಚರಣ ಕೈಗೆಟುಕದು. ಹೊಂದಿಕೆಯಾಗದೆ ಇದ್ದದ್ದು ಶ್ರುತಿಯಲ್ಲ, ಹಾಡಿನ ಹರವೇ ಎಂಬ ‘ಶ್ರುತಿಪೆಟ್ಟಿಗೆ’ಯವರ ಮಾತು ಆಗ ನನಗೆ ಸರಿಯಾಗಿ ಅರ್ಥವಾಯಿತು.

ಕರೋಕೆಯನ್ನು ಬಿಟ್ಟು, ಶ್ರುತಿಯೊಂದನ್ನೇ ಹಾಕಿ ‘ನಿನಗೆ ಬಂದಂತೆ ಹಾಡು’ ಎಂದೆ. ಅವಳು ಸ್ವಲ್ಪ ಹೊತ್ತು ಕಿಟಕಿಯತ್ತ ನೋಡುತ್ತಾ ನಿಂತಿದ್ದಳು. ಆಮೇಲೆ ಪಿಸುಮಾತಿನ ಆ ಮಂದ್ರದ ಸಾಲುಗಳನ್ನು ಒಂದು ಸ್ಥಾಯಿ ಮೇಲಕ್ಕೆತ್ತಿ, ಯಾರನ್ನೋ ಕರೆಯುವಂತೆ ಹಾಡಿದಳು. ಚರಣದ ತುತ್ತತುದಿಯ ಸ್ವರಕ್ಕೆ ಹೋಗಲೇ ಇಲ್ಲ. ಅದರ ಕೆಳಗಿನ ಗಾಂಧಾರದಲ್ಲಿ ನಿಂತು ಅಲ್ಲಿಂದಲೇ ತಿರುಗಿ ಬಂದಳು. ಕೊನೆಯ ಪಲ್ಲವಿಯನ್ನು ಏರಿಸುವ ಬದಲು ಇನ್ನೂ ಮೆಲ್ಲಗೆ ಹಾಡಿ ಮುಗಿಸಿದಳು. ಶಾಲೆಯಲ್ಲಿಯೂ ಹಾಗೆಯೇ, ವಾದ್ಯಗಳಿಲ್ಲದೆ ಹಾಡಿದಳು. ಈಗ ಕೆಳಮನೆಯ ಐದು ವರ್ಷದ ಹುಡುಗ ಆ ಹಾಡನ್ನು ಅವಳಿಂದ ಕಲಿತಿದ್ದಾನೆ. ಅವನು ಹಾಡುವುದು ಚಿತ್ರದ ರಾಗವನ್ನಲ್ಲ, ಅವಳದ್ದನ್ನು.